ಪೆಡಲ್ ಮೇಲೆ ಪಾದ ಎಲ್ಲಿಡಬೇಕು?



ಸೈಕಲ್ ಹೊಡೆಯೋಕೆ ಬರದವರು ನಮ್ಮ ಶಾಲೆಯಲ್ಲಿ ಬಹಳ ಕಡಿಮೆ. ಆದರೆ ಪೆಡಲ್ ಮೇಲೆ ಪಾದ ಎಲ್ಲಿಡಬೇಕು ಅಂತ ಕೇಳಿ ನೋಡಿ, ಎಲ್ಲರದೂ ಒಂದೇ ಉತ್ತರ: "ಬೆರಳ ಹತ್ತಿರ ಇಡು, ಅಂಗಾಲು ಇಡಬೇಡ." ನನಗೂ ಮನೆಯಲ್ಲಿ ಹಾಗೇ ಹೇಳಿಕೊಟ್ಟರು. ಈ ಮಾತು ಅರ್ಧ ಸರಿ, ಅರ್ಧ ತಪ್ಪು ಎಂಬುದು ನನ್ನ ಅಭಿಪ್ರಾಯ. ತಪ್ಪು ಯಾವುದೆಂದು ಕೆರೆ ಏರಿಯ ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಹೋದ ಮಳೆಗಾಲದಲ್ಲಿ ಅಲ್ಲಿ ನಾನೇ ಬಿದ್ದೆ. ಬ್ರೇಕ್ ಸರಿಯಾಗೇ ಇತ್ತು. ಮುಂದಿನ ಗಾಲಿ ಕಲ್ಲು ಹತ್ತಿ ಸೈಕಲ್ ಕುಪ್ಪಳಿಸಿತು, ಬೆರಳ ತುದಿಯಲ್ಲಿದ್ದ ಪಾದ ಜಾರಿತು, ಪೆಡಲ್ ಗಿರ್ರನೆ ತಿರುಗಿ ಕಣಕಾಲಿಗೆ ಬಡಿಯಿತು. ಹಿಂದೆ ಕ್ಯಾರಿಯರ್ ಮೇಲೆ ತಂಗಿ ಕೂತಿದ್ದಳು. ನನಗೆ ಬರೀ ತರಚು ಗಾಯ. ಅವಳ ಗದ್ದಕ್ಕೆ ಮೂರು ಹೊಲಿಗೆ.

ಆಮೇಲೆ ಅಣ್ಣನ ಮೊಬೈಲಿನಲ್ಲಿ ಗುಡ್ಡ ಇಳಿಯುವ ಸೈಕಲ್ ಪಂದ್ಯಗಳನ್ನು ನೋಡಿದೆ. ರಸ್ತೆ ಪಂದ್ಯದವರ ಬೂಟು ಪೆಡಲ್ಲಿಗೇ ಸಿಕ್ಕಿಕೊಂಡಿರುತ್ತದೆ. ಅವರು ಬೆರಳ ಬುಡದಿಂದ ತುಳಿದರೂ ಪಾದ ಅಷ್ಟು ಸುಲಭವಾಗಿ ಜಾರುವುದಿಲ್ಲ. ನಮ್ಮದು ಬರೀ ಚಪ್ಪಟೆ ಪೆಡಲ್. ಚಪ್ಪಟೆ ಪೆಡಲ್ ಅಂದರೆ ಕೀಳಲ್ಲ ಮತ್ತೆ! ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಅಂಥ ಪೆಡಲ್ ಮೇಲೇ ಗುಡ್ಡ ಇಳಿದು 2006, 2007 ಮತ್ತು 2010ರಲ್ಲಿ ವಿಶ್ವ ಚಾಂಪಿಯನ್ ಆದವರು. ಆದರೆ ಅವರ ಪೆಡಲ್ಲಿಗೆ ಸಣ್ಣ ಸಣ್ಣ ಮೊಳೆಗಳಿರುತ್ತವೆ, ಬೂಟಿನ ತಳ ಅದಕ್ಕೆ ಕಚ್ಚಿಕೊಳ್ಳುತ್ತದೆ. ನಮಗಿರೋದು ಸವೆದ ರಬ್ಬರು, ಹವಾಯಿ ಚಪ್ಪಲಿ. ನಾವು ಇನ್ನೂ ಹೆಚ್ಚು ಎಚ್ಚರ ಇರಬೇಕಲ್ಲವೇ?

ಇಳಿಜಾರಿನಲ್ಲಿ ಸೀಟಿನಿಂದ ಸ್ವಲ್ಪ ಎದ್ದರೆ ಮೈಭಾರವೆಲ್ಲ ಪಾದದ ಮೇಲೆ ಬೀಳುತ್ತದೆ. ಆಗ ಬೆರಳ ಬುಡ ಮಾತ್ರ ಪೆಡಲ್ ಮೇಲಿದ್ದರೆ ಹಿಮ್ಮಡಿ ಗಾಳಿಯಲ್ಲಿ ನೇತಾಡುತ್ತದೆ, ಪ್ರತಿ ಕುಲುಕಾಟವನ್ನೂ ಮೀನಖಂಡವೇ ತಡೆಯಬೇಕು. ಸುಸ್ತಾದ ಕಾಲು ಎಷ್ಟು ಹೊತ್ತು ತಡೆದೀತು? ಪೆಡಲ್ಲಿನ ನಡುವಿನ ಕಂಬಿ ಅಂಗಾಲಿನ ನಡುವಿಗೆ ಬರೋ ಹಾಗೆ ಪಾದ ಮುಂದಕ್ಕೆ ಸರಿಸಿ ನೋಡಿ, ನೆಲದ ಮೇಲೆ ನಿಂತ ಹಾಗಿರುತ್ತದೆ. ಎರಡೂ ಪೆಡಲ್ ಒಂದೇ ಮಟ್ಟಕ್ಕಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಹಿಮ್ಮಡಿ ಕೆಳಗೆ ಒತ್ತಿರಲಿ. ಹಿಮ್ಮಡಿ ಮೇಲೆದ್ದಿದ್ದರೆ ಕಲ್ಲು ಬಡಿದಾಗ ಪಾದ ಮುಂದಕ್ಕೆ ಹಾರುತ್ತದೆ. ಕೆಳಗಿದ್ದರೆ ಪೆಡಲ್ಲಿಗೇ ಒತ್ತಿಕೊಳ್ಳುತ್ತದೆ.

ಏರು ಹತ್ತುವಾಗಲೂ ಅಂಗಾಲೇ ಸರಿ ಅನ್ನುವವರಿದ್ದಾರೆ. ನಾನದನ್ನು ಒಪ್ಪಲ್ಲ. ಏರಿನಲ್ಲಿ, ಡಾಂಬರು ರಸ್ತೆಯಲ್ಲಿ ಬೆರಳ ಬುಡದಿಂದ ತುಳಿಯೋದೇ ನನಗೆ ಹಗುರ. ಅಷ್ಟರಮಟ್ಟಿಗೆ ಹಿರಿಯರ ಮಾತು ನಿಜ.

ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಹೇಳಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ಲುಗಳು ಈಗ ಅಣ್ಣ ಅಕ್ಕಂದಿರ ಕೈಯಿಂದ ತಮ್ಮ ತಂಗಿಯರ ಕೈಗೆ ಬಂದಿವೆ. ಸೀಟು ಮಾತ್ರ ಅಣ್ಣನ ಎತ್ತರಕ್ಕೇ ನಿಂತಿದೆ! ಐದನೇ ತರಗತಿ ಹುಡುಗನಿಗೆ ಬೆರಳ ತುದಿ ಬಿಟ್ಟು ಬೇರೇನೂ ಪೆಡಲ್ಲಿಗೆ ಮುಟ್ಟೋದೇ ಇಲ್ಲ. ಅವನಿಗೆ "ಪಾದ ಮುಂದಕ್ಕಿಡು" ಅಂದರೆ ಏನು ಮಾಡ್ಯಾನು? ಮೊದಲು ಸೀಟು ಇಳಿಸಬೇಕು. ಅದಕ್ಕೆ ಒಂದು ಪಾನಾ, ಎರಡು ನಿಮಿಷ ಸಾಕು. ಅಷ್ಟಕ್ಕೂ ಇಳಿಯದಷ್ಟು ದೊಡ್ಡ ಸೈಕಲ್ಲಾದರೆ ಇಳಿಜಾರಿನಲ್ಲಿ ತಳ್ಳಿಕೊಂಡೇ ಬರಲಿ. ನಾವು ದೊಡ್ಡವರು ಅವರನ್ನು ನೋಡಿ ನಗಬಾರದು. ನಾನೂ ನಕ್ಕಿದ್ದೇನೆ.

ಪಿ.ಟಿ. ಗುರುಗಳಲ್ಲಿ ನನ್ನ ವಿನಂತಿ: ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ಪಾನಾ ಕಟ್ಟಿಹಾಕಿಸಿ ಸರ್. ಒಂದು ಶನಿವಾರ ಕವಾಯತು ಮುಗಿದ ಮೇಲೆ ಎಲ್ಲರ ಸೀಟೂ ನೋಡೋಣ. ಸಣ್ಣವರ ಸೀಟು ಇಳಿಸೋ ಕೆಲಸ ನಾನು ಮಾಡ್ತೀನಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ