ಹೆಸರಿಲ್ಲದ ಬಟ್ಟಲು

ಇಟಲಿ ದೇಶದ ಸಿಯೆನಾ ಪಟ್ಟಣದಲ್ಲಿ ೧೭ ಕೇರಿಗಳುಂಟು. ೧೭೨೯ರಲ್ಲಿ ಗೊತ್ತುಮಾಡಿದ ಅವುಗಳ ಮೇರೆಗಳು ಇಂದಿಗೂ ನಡೆದುಬಂದಿವೆ. ಒಂದು ಕೇರಿಯ ಲಾಂಛನ ಆಮೆ, ಇನ್ನೊಂದರದು ಬಸವನಹುಳು, ಮತ್ತೊಂದರದು ಡಾಲ್ಫಿನ್. ಜುಲೈ ೨ರಂದೂ ಆಗಸ್ಟ್ ೧೬ರಂದೂ ಪಟ್ಟಣದ ಚೌಕದಲ್ಲಿ ಕುದುರೆಯ ಪಂದ್ಯ ನಡೆದಾಗ ಕೇರಿಯವರ ಅಭಿಮಾನ ಉಕ್ಕಿ ಹರಿಯುತ್ತದೆ. ಈ ಲಾಂಛನಗಳನ್ನು ಕೈಯಿಂದ ಬರೆದ ಮಣ್ಣಿನ ಬಟ್ಟಲುಗಳು ಅಲ್ಲಿ ಮಾರಾಟಕ್ಕಿವೆ. ಮಣ್ಣನ್ನು ಒಮ್ಮೆ ಸುಟ್ಟು, ತವರ ಬೆರೆತ ಬಿಳಿಯ ಲೇಪದಲ್ಲಿ ಅದ್ದಿ, ಮೇಲೆ ಬಣ್ಣದಿಂದ ಬರೆದು, ಮತ್ತೊಮ್ಮೆ ಸುಡುವ ಈ ವಿಧಾನಕ್ಕೆ ಮಯೋಲಿಕಾ ಎಂದು ಹೆಸರು. ಕೇರಿಯ ಹೆಸರು ಬಟ್ಟಲಿನ ಮೈಮೇಲೆ ಬದುಕಿದೆ ಎಂಬುದು ಸಣ್ಣ ಮಾತಲ್ಲ.

ಇಂಥ ಕೇರಿಗಳಿಗೆ ನಮ್ಮ ದೇಶದಲ್ಲಿಯೂ ಕೊರತೆಯಿಲ್ಲ. ಕಾಶಿಯ ಕೇದಾರ ಘಾಟನ್ನು ನೋಡಿರಿ. ಕೇದಾರೇಶ್ವರನ ಗುಡಿಯ ಕೆಂಪು ಬಿಳಿ ಪಟ್ಟೆಗಳು ಗಂಗೆಯ ಮೇಲಿಂದಲೇ ಕಣ್ಣಿಗೆ ಬೀಳುತ್ತವೆ. ಮೆಟ್ಟಿಲುಗಳ ಬಳಿ ಗೌರೀಕುಂಡವಿದೆ. ಓಣಿಗಳಲ್ಲಿ ತಮಿಳು, ತೆಲುಗು, ಬಂಗಾಳಿ ಮಾತುಗಳು ಹಿಂದಿಯೊಡನೆ ಬೆರೆತಿವೆ. ದಕ್ಷಿಣಕ್ಕೆ ನಡೆದು ಹರಿಶ್ಚಂದ್ರ ಘಾಟನ್ನು ದಾಟಿದರೆ ಮೈಸೂರು ಸಂಸ್ಥಾನದವರು ಕಟ್ಟಿಸಿದ, ಈಗ ಕರ್ನಾಟಕ ಘಾಟ್ ಎನಿಸಿಕೊಂಡ ಸೋಪಾನಪಂಕ್ತಿ ಸಿಗುತ್ತದೆ. ಊರು ಬಿಟ್ಟು ಬಂದವರು ಸೇರಿ ಬೆಳೆಸಿದ ಕೇರಿ ಅದು. ಹೊಟ್ಟೆಪಾಡಿಗಾಗಿ ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದು ಕನ್ನಡ ಕಲಿಸುವ ನಮ್ಮಂಥವರಿಗೆ ಅದು ಪರಕೀಯವೆನಿಸದು.

ಆ ಕೇರಿಯ ಬಟ್ಟಲು ಯಾವುದು? ಚಹಾದಂಗಡಿಯ ಕುಲ್ಹಡ್, ಬನಾರಸಿನವರ ಬಾಯಲ್ಲಿ ಪುರವಾ. ಅದಕ್ಕೆ ಲೇಪವಿಲ್ಲ, ಚಿತ್ರವಿಲ್ಲ, ಹಿಡಿಯೂ ಇಲ್ಲ. ತಿರುಗುವ ತಿಗುರಿಯ ಮೇಲಿನ ಒಂದೇ ಮುದ್ದೆಯಿಂದ ಕುಂಬಾರನು ಒಂದರ ಹಿಂದೊಂದಾಗಿ ಎತ್ತಿ, ದಾರದಿಂದ ಕೊಯ್ದಿಳಿಸಿ, ಒಣಗಿಸಿ, ಆವಿಗೆಯಲ್ಲಿ ಸುಡುತ್ತಾನೆ. ಅವನ ಬೆರಳಿನ ಗೆರೆ ಒಳಮೈಯಲ್ಲಿ ಸುರುಳಿಯಾಗಿ ಉಳಿದಿರುತ್ತದೆ. ಅದೊಂದೇ ಅವನ ರುಜು. ಬಿಸಿ ಚಹಾ ಬಿದ್ದೊಡನೆ ಮೊದಲ ಮಳೆಯ ನೆಲದ ವಾಸನೆ ಏಳುತ್ತದೆ. ಕುಡಿದಾದ ಮೇಲೆ ಎಸೆದರಾಯಿತು.

ಕುಲ್ಹಡಿಗೂ ಘಾಟಿನ ಚಿತ್ರ ಬರೆದು ಇಟಲಿಯ ಬಟ್ಟಲಿನಂತೆ ಹೆಚ್ಚಿನ ಬೆಲೆಗೆ ಮಾರಬೇಕು, ಆಗ ಕುಂಬಾರನು ಉದ್ಧಾರವಾಗುವನು ಎಂಬ ವಾದವುಂಟು. ನಮಗಿದು ಅರ್ಧಮಾತ್ರ ಒಪ್ಪಿಗೆ. ಬೀರುವಿನೊಳಗೆ ಕುಳಿತ ಬಟ್ಟಲು ಒಂದು ಸಲ ಮಾತ್ರ ಮಾರಾಟವಾಗುತ್ತದೆ. ದಿನವೂ ನೂರಾರು ಮಂದಿ ಕುಡಿದು ಎಸೆಯುವ ಬಟ್ಟಲಿದ್ದರೆ ತಿಗುರಿ ದಿನವೂ ತಿರುಗುತ್ತದೆ. ೨೦೦೪ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲೂ ಪ್ರಸಾದರು ರೈಲುಗಳಲ್ಲಿ ಕುಲ್ಹಡನ್ನು ತಂದುದು ಈ ಲೆಕ್ಕದಿಂದಲೇ. ಅದು ಬಹುಕಾಲ ನಿಲ್ಲಲಿಲ್ಲ. ೨೦೧೯ರಲ್ಲಿ ವಾರಾಣಸಿ, ರಾಯ್‌ಬರೇಲಿ ನಿಲ್ದಾಣಗಳಲ್ಲಿ ಮತ್ತೆ ಮೊದಲಾಯಿತು.

ಕುಲ್ಹಡಿನ ಪಕ್ಷ ವಹಿಸುವವರು ಒಂದು ಮಾತನ್ನು ಮಾತ್ರ ಬಿಡಬೇಕು. ಎಸೆದದ್ದು ಮರಳಿ ಮಣ್ಣಾಗುತ್ತದೆಂಬುದು ನಿಜವಲ್ಲ. ಚೆನ್ನಾಗಿ ಸುಟ್ಟ ಜೇಡಿಯನ್ನು ಎಷ್ಟು ನೆನೆಸಿದರೂ ಅದು ಮತ್ತೆ ಜೇಡಿಯಾಗದು. ವಿಜ್ಞಾನದ ತರಗತಿಯಲ್ಲಿ ನೀವೇ ಪರೀಕ್ಷಿಸಿ ನೋಡಬಹುದು. ಕಾಶಿಯ ರಾಜಘಾಟಿನಲ್ಲಿ ಅಗೆದಾಗ ಎರಡು ಸಾವಿರ ವರ್ಷಗಳಿಗೂ ಹಿಂದಿನ ಕರಿಯ ಹೊಳಪಿನ ಮಡಕೆಯ ಚೂರುಗಳು ದೊರೆತುವು. ಕೇರಿಯ ಚರಿತ್ರೆಯನ್ನು ಉಳಿಸಿಕೊಟ್ಟವು ಎಸೆದ ಚೂರುಗಳೇ, ವಿನೋದವಲ್ಲವೆ? ಇನ್ನು ಕಾಗದದ ಲೋಟವಾದರೋ ಹೆಸರಿಗೆ ಕಾಗದ. ಒಳಗೆ ಪ್ಲಾಸ್ಟಿಕ್ಕಿನ ತೆಳುಪೊರೆ.

ಹರಿಹರನು ಕುಂಬಾರ ಗುಂಡಯ್ಯನನ್ನು ಕುರಿತು ರಗಳೆಯನ್ನೇ ಬರೆದ ಭಾಷೆ ನಮ್ಮದು. ನಮ್ಮ ಬೆಂಗಳೂರಿನ ಕುಂಬಾರಪೇಟೆಯಲ್ಲಿ ಈಗ ವ್ಯಾಪಾರದ ಅಂಗಡಿಗಳ ಸಾಲು. ಹೆಸರು ಮಾತ್ರ ಕುಂಬಾರರದು. ಪಾಟರಿ ಟೌನಿನಲ್ಲಿ ಇನ್ನೂ ಆವಿಗೆ ಉರಿಯುತ್ತಿದೆ. ಮುಂದಿನ ವಾರ್ಷಿಕೋತ್ಸವದಂದು ಪೋಷಕರಿಗೆ ಕೊಡುವ ಕಾಫಿಗೆ ಅಲ್ಲಿಂದಲೇ ಬಟ್ಟಲು ತರಿಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಬಿನ್ನವಿಸಿಕೊಳ್ಳಲಿದ್ದೇವೆ. ಕಾಗದದ ಲೋಟಕ್ಕಿಂತ ಖರ್ಚು ಹೆಚ್ಚಾಗುವುದು, ಒಂದೆರಡು ಸೋರಲೂಬಹುದು. ಹತ್ತನೆಯ ತರಗತಿಯವರು ಬಟ್ಟಲುಗಳನ್ನು ಹೊತ್ತು ತರಲು ಒಪ್ಪಿದರೆ ಗಾಡಿಯ ಬಾಡಿಗೆಯಾದರೂ ಉಳಿದೀತು.