ತೂಕಡಿಸುವವನಿಗೆ ಹಾಸಿಗೆಯಲ್ಲ, ಮದ್ದು ಬೇಕು

ತರಗತಿಯಲ್ಲಿ ತೂಕಡಿಸುವ ಹುಡುಗಿಗೆ ಕುಂಭಕರ್ಣನ ತಂಗಿ ಎಂದು ಹೆಸರಿಡುತ್ತೇವೆ. ಅವಳೇ ಮುಂದೆ ವೈದ್ಯರ ಚೀಟಿ ಹಿಡಿದು ಎಚ್ಚರದ ಮಾತ್ರೆ ಕೇಳಿದರೆ ಚಟವಿರಬೇಕೆಂದು ಹುಬ್ಬೇರಿಸುತ್ತೇವೆ. ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆ ಇರುವವರ ಬದುಕು ಸವೆಯುವುದು ಈ ಗೇಲಿಗೂ ಆ ಅನುಮಾನಕ್ಕೂ ನಡುವೆ.

ಮಿದುಳಿನಲ್ಲಿ ಎಚ್ಚರವನ್ನು ಹಿಡಿದು ನಿಲ್ಲಿಸುವ ಓರೆಕ್ಸಿನ್ ಎಂಬ ರಾಸಾಯನಿಕ ಪತ್ತೆಯಾದದ್ದು 1998ರಲ್ಲಿ. ನಾರ್ಕೊಲೆಪ್ಸಿಯ ಮೊದಲ ಬಗೆಯಲ್ಲಿ ಅದನ್ನು ತಯಾರಿಸುವ ಕೋಶಗಳು ಬಹುಪಾಲು ನಾಶವಾಗಿರುತ್ತವೆ. ರಾತ್ರಿಯಿಡೀ ಮಲಗಿದರೂ ಹಗಲು ಕಣ್ಣು ಎಳೆಯುತ್ತದೆ. ಜೋರಾಗಿ ನಕ್ಕರೆ ಮೊಣಕಾಲು ಕುಸಿಯುತ್ತದೆ. ಗಟ್ಟಿ ಕಾಫಿಗೂ ಅಪ್ಪನ ಬೈಗುಳಕ್ಕೂ ಇದು ಬಗ್ಗುವುದಿಲ್ಲ. ಮಾತ್ರೆ ಕಾಯಿಲೆಯನ್ನು ವಾಸಿ ಮಾಡದು ನಿಜ, ಆದರೆ ಹಗಲಿನ ಕೆಲವು ಗಂಟೆಗಳನ್ನು ಉಳಿಸಿಕೊಡುತ್ತದೆ.

ದುರುಪಯೋಗದ ಭಯ ಸುಳ್ಳೆನ್ನಲಾರೆ. 1935ರಲ್ಲಿ ಈ ರೋಗಿಗಳಿಗೆ ಕೊಟ್ಟ ಆಂಫೆಟಮಿನ್, ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರ ಜೇಬು ಸೇರಿತ್ತು. ಇದೇ ಕಾಯಿಲೆಗೆ ಕೊಡುವ ಮೀಥೈಲ್‌ಫೆನಿಡೇಟ್ ನಮ್ಮ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಆದರೆ ಆರೋಗ್ಯವಂತರು ಮಾಡಿದ ತಪ್ಪಿಗೆ ರೋಗಿ ಏಕೆ ದಂಡ ಕಟ್ಟಬೇಕು? 2010ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಎಚ್ಚರದ ಮಾತ್ರೆಯಾದ ಮೊಡಾಫಿನಿಲ್ ನಾರ್ಕೊಲೆಪ್ಸಿಗೆ ಮಾತ್ರ ಸಾಕೆಂದರು. ಚರ್ಮದ ಮೇಲಿನ ತೀವ್ರ ಪ್ರತಿಕ್ರಿಯೆ, ಮಾನಸಿಕ ತೊಂದರೆಗಳ ಬಗ್ಗೆ ಅವರಿಗಿದ್ದ ಕಾಳಜಿ ಸರಿಯೇ. ಆದರೂ ಕಾರಣವೇ ತಿಳಿಯದ ಅತಿನಿದ್ದೆಯಿಂದ ನರಳುವವರು ಆ ಒಂದೇ ಸಾಲಿನಿಂದ ಪಟ್ಟಿಯ ಹೊರಗೆ ಬಿದ್ದರು.

ಬಾಗಿಲು ಬಿಗಿಯಾಗಿರಲಿ, ಆದರೆ ಸರಿಯಾದ ಕಡೆ. ಮೊದಲು ರಾತ್ರಿಯಿಡೀ ನಿದ್ದೆಯ ಪರೀಕ್ಷೆ ನಡೆಯಲಿ. ಗೊರಕೆಯೊಡನೆ ಉಸಿರುಗಟ್ಟುವ ಕಾಯಿಲೆ ಇದ್ದರೆ ಅಲ್ಲೇ ತಿಳಿಯುತ್ತದೆ. ಮರುದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ, ಎಷ್ಟು ಬೇಗ ನಿದ್ದೆ ಹತ್ತುತ್ತದೆಂದು ಅಳೆಯಲಿ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿದರೆ ಅದು ನಟನೆಯಲ್ಲ. ಮಾತ್ರೆ ಶುರುವಾದ ಬಳಿಕ ರಕ್ತದೊತ್ತಡದ ಮೇಲೆ ಕಣ್ಣಿರಲಿ. ಗರ್ಭನಿರೋಧಕ ಮಾತ್ರೆ ನುಂಗುವ ಹೆಣ್ಣುಮಕ್ಕಳಿಗೆ ಮೊಡಾಫಿನಿಲ್ ಅದರ ಬಲ ಕುಗ್ಗಿಸುತ್ತದೆಂದು ಬಾಯಿಬಿಟ್ಟು ಹೇಳಲಿ. ಇಷ್ಟು ದಾಟಿ ಬಂದವರನ್ನು ಮತ್ತೆ ಕಟಕಟೆಗೆ ನಿಲ್ಲಿಸಬಾರದು.

ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಎಂದು ಗಾದೆ ಕಟ್ಟಿದವರಿಗೆ ಈ ಕಾಯಿಲೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಚೀಟಿಯಿಲ್ಲದೆ ಬಂದವನಿಗೆ ಮಾತ್ರೆ ದಾಟಿಸುವ ಅಂಗಡಿಯನ್ನು ಹಿಡಿಯೋಣ. ಚೀಟಿ ಹಿಡಿದು ನಿಂತವಳಿಗೆ ಮಾತ್ರೆ ಕೊಟ್ಟು ಕಳಿಸೋಣ, ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿಹೋಗುವ ಮೊದಲು ಅವಳು ಎಚ್ಚರವಿರಲಿ.