ಉಬ್ಬಸಕ್ಕೆ ಆ್ಯಂಟಿಬಯಾಟಿಕ್: ಯಾವ ಮಗುವಿಗೆ?

ರಾಜರಾಜೇಶ್ವರಿನಗರದ ಕಮಾನು ದಾಟಿ ಮೈಸೂರು ರಸ್ತೆಗೆ ಬಂದರೆ ವಾಹನಗಳ ಹೊಗೆಯೂ ವೃಷಭಾವತಿಯ ನಾತವೂ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಬೆಂಗಳೂರಿನ ಮಕ್ಕಳ ಉಬ್ಬಸ ಹಳೆಯ ಚಿಂತೆ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳನ್ನು ಲೆಕ್ಕ ಹಾಕಿದಾಗ, 1979ರಲ್ಲಿ ಶೇ. 9 ಇದ್ದ ಆಸ್ತಮಾ 1999ಕ್ಕೆ ಶೇ. 29.5 ಆಗಿತ್ತು. ಇಷ್ಟು ಮಕ್ಕಳ ಎದೆ ಸುಯ್‌ಗುಡುವ ಊರಿನಲ್ಲಿ ಆ್ಯಂಟಿಬಯಾಟಿಕ್ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹುಡುಕುವುದೇ ತಪ್ಪು ಎಂಬುದು ನನ್ನ ವಾದ.

ಪುಟ್ಟ ಮಕ್ಕಳ ಉಬ್ಬಸವನ್ನು ಕೆರಳಿಸುವುದು ಬಹುಪಾಲು ವೈರಸ್. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಆದರೆ ಉಸಿರಿನ ದಾರಿಯಲ್ಲಿ ಬ್ಯಾಕ್ಟೀರಿಯಾಗಳೂ ಮನೆ ಮಾಡಿಕೊಂಡಿರುತ್ತವೆ. ಒಂದು ತಿಂಗಳ ಕೂಸಿನ ಗಂಟಲಲ್ಲಿ ನ್ಯುಮೋಕಾಕಸ್, ಹೀಮೋಫಿಲಸ್ ಅಥವಾ ಮೊರಾಕ್ಸೆಲ್ಲಾ ಬ್ಯಾಕ್ಟೀರಿಯಾ ನೆಲೆಸಿದ್ದರೆ ಮುಂದೆ ಆಸ್ತಮಾ ಬರುವ ಸಂಭವ ಹೆಚ್ಚು ಎಂದು ಕೋಪನ್‌ಹೇಗನ್ನಿನ ಸಂಶೋಧಕರು 2007ರಲ್ಲಿ ತೋರಿಸಿದರು. 2016ರಲ್ಲಿ ಅದೇ ತಂಡ ಒಂದರಿಂದ ಮೂರು ವರ್ಷದ 72 ಮಕ್ಕಳ 158 ಉಬ್ಬಸದ ಸರದಿಗಳಲ್ಲಿ ಅಜಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಮೂರು ದಿನ ಕೊಟ್ಟು ಪರೀಕ್ಷಿಸಿತು. ಹುಸಿ ಔಷಧ ಪಡೆದವರಲ್ಲಿ ಸರಾಸರಿ 7.7 ದಿನ ಉಳಿದ ತೊಂದರೆ, ಅಜಿಥ್ರೋಮೈಸಿನ್ ಪಡೆದವರಲ್ಲಿ 3.4 ದಿನಕ್ಕೇ ಮುಗಿಯಿತು. ಬೇಗ ಶುರುಮಾಡಿದಷ್ಟೂ ಲಾಭ ಹೆಚ್ಚು. ಮುಂದಿನ ವಿಶ್ಲೇಷಣೆಯಲ್ಲಿ ಕಂಡದ್ದು ಇನ್ನೂ ಮುಖ್ಯ: ಉಸಿರುದಾರಿಯಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಹೆಚ್ಚಿದ್ದ ಮಕ್ಕಳಿಗೆ ಔಷಧ ಹೆಚ್ಚು ಹಿಡಿಯಿತು.

ಹಾಗಿದ್ದರೆ ಎಲ್ಲರಿಗೂ ಕೊಟ್ಟುಬಿಡಬಾರದೇ? ಕೂಡದು. ಕೆನಡಾದಲ್ಲಿ ತುರ್ತು ಚಿಕಿತ್ಸೆಗೆ ಬಂದ ಮಕ್ಕಳಿಗೆ ಇದೇ ಔಷಧ ಐದು ದಿನ ಕೊಟ್ಟರೂ ಉಬ್ಬಸ ಬೇಗ ಇಳಿಯಲಿಲ್ಲ ಎಂಬ ವರದಿ 2017ರಲ್ಲಿ ಬಂತು. ಔಷಧ ಒಂದೇ, ಆದರೆ ಆ ಮಕ್ಕಳ ಉಸಿರುದಾರಿಯೂ ಔಷಧ ಸಿಕ್ಕ ಹೊತ್ತೂ ಬೇರೆ ಇದ್ದಿರಬಹುದು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಗಂಟಲ ಬ್ಯಾಕ್ಟೀರಿಯಾ ಎಣಿಸುವುದು ಸಾಧ್ಯವೇ ಎಂಬ ಆಕ್ಷೇಪಕ್ಕೆ ತೂಕವಿದೆ: ಕಲ್ಚರ್ ವರದಿ ಬರಲು ಎರಡು ದಿನ ಬೇಕು, ಅಷ್ಟರಲ್ಲಿ ಲಾಭದ ಹೊತ್ತೇ ಮೀರುತ್ತದೆ. ಅದಕ್ಕೇ ತಕ್ಷಣ ಫಲ ಹೇಳುವ ಪರೀಕ್ಷೆಗೆ ಹಣ ಮತ್ತು ಬುದ್ಧಿ ಸುರಿಯಬೇಕು. ಅದು ಕೈಗೆ ಬರುವವರೆಗೆ ಉಬ್ಬಸಕ್ಕೆ ಮೊದಲು ಇನ್‌ಹೇಲರ್, ಅದಕ್ಕೆ ಜೋಡಿಸುವ ಸ್ಪೇಸರ್. ಜ್ವರ, ನ್ಯುಮೋನಿಯಾ ಲಕ್ಷಣಗಳಿದ್ದರೆ ಮಾತು ಬೇರೆ, ಅದನ್ನು ವೈದ್ಯರು ನೋಡಿ ಹೇಳಬೇಕು.

ಮೂರು ದಿನದ ಒಂದು ಸೀಸೆಯಿಂದ ಏನು ಕೆಡುತ್ತದೆ ಎನ್ನುವವರಿಗೆ ಸೀಸೆಯನ್ನೇ ತೋರಿಸಬೇಕು. ಪುಡಿಗೆ ಗೆರೆಯವರೆಗೆ ನೀರು ಬೆರೆಸಿ ಅಲುಗಾಡಿಸಿದ ಸಿರಪ್ಪಿನ ಕಸುವು ಕೆಲವೇ ದಿನ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ಕೆಮ್ಮಿಗೆ ಕುಡಿಸಿದರೆ ಅರೆಬರೆ ಔಷಧಕ್ಕೆ ಬ್ಯಾಕ್ಟೀರಿಯಾ ಪಳಗುತ್ತವೆ. ಸರಿಯಾಗಿ ಕುಡಿಸಿದರೂ ಅಜಿಥ್ರೋಮೈಸಿನ್ ದೇಹದಲ್ಲಿ ದಿನಗಟ್ಟಲೆ ನಿಧಾನವಾಗಿ ಕರಗುತ್ತದೆ. ಆ ಕಡಿಮೆ ಮಟ್ಟದಲ್ಲಿ ಬದುಕುಳಿದ ಬ್ಯಾಕ್ಟೀರಿಯಾ ನಿರೋಧ ಕಲಿಯುತ್ತವೆ. 2019ರಲ್ಲಿ ಭಾರತದಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯಾಟಿಕ್ ಅಜಿಥ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆ. ಬೇರೆ ಔಷಧಗಳಿಗೆ ಬಗ್ಗದ ಟೈಫಾಯಿಡ್‌ಗೆ ನಮ್ಮಲ್ಲಿ ಇನ್ನೂ ಕೈಹಿಡಿಯುತ್ತಿರುವ ಕೆಲವೇ ಔಷಧಗಳಲ್ಲಿ ಅದೂ ಒಂದು.